ಆಷಾಢದ ಸೇಲು, ಸರ್ಕಾರದ ರಿಯಾಯಿತಿ

ಹರಿಹರದ ಹಳೇ ಸೇತುವೆಯ ಎರಡೂ ತುದಿಗೆ ಈಗ ಒಂದೇ ತೆರಿಗೆ. ಮೊದಲು ಹಾಗಿರಲಿಲ್ಲ; 1956ರ ನವೆಂಬರ್ 1ರವರೆಗೆ ಎರಡು ದಡ, ಎರಡು ರಾಜ್ಯ. ತುಂಗಭದ್ರೆಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಇನ್ನೊಂದು ಮಗ್ಗುಲಿಗೆ ಹರಪನಹಳ್ಳಿ. ಅದು 1953ರವರೆಗೆ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮದರಾಸಿನವರು 1939ರಲ್ಲೇ ಮಾರಾಟ ತೆರಿಗೆ ಹಾಕಿದ್ದರು, ರಾಜಾಜಿಯವರ ಕಾಲದಲ್ಲಿ. ಮುಂಬಯಿಯವರ ಕಾಯ್ದೆ 1946ರದ್ದು, ಮೈಸೂರಿನದು 1948ರದ್ದು. ದಾವಣಗೆರೆ ಚೌಕಿಪೇಟೆಯ ಜವಳಿ ಅಂಗಡಿಯ ಗಾದಿ ಮೇಲೆ ಕೂತ ಸಾವ್ಕಾರ ಒಂದು ದಿನದ ಎತ್ತಿನ ಗಾಡಿ ಪ್ರಯಾಣದೊಳಗೆ ಮೂರು ಸರ್ಕಾರಗಳ ತೆರಿಗೆ ನೋಡಬಹುದಿತ್ತು.

ನಮ್ಮ ತಂದೆ ಅಂಥದ್ದೊಂದು ಅಂಗಡಿಯಲ್ಲಿ ಗುಮಾಸ್ತರು. ಅವರ ನಂತರ ಅದೇ ಬೀದಿಯಲ್ಲಿ ನಾನೂ ಲೆಕ್ಕ ಬರೆದೆ. ಮೊದಲು ಜವಳಿ ಅಂಗಡಿಯಲ್ಲಿ, ಆಮೇಲೆ ಪಿ.ಬಿ. ರಸ್ತೆಯ ಬೈಕ್ ಶೋರೂಮ್ ಒಂದರಲ್ಲಿ, ಕೊನೆಗೆ ನಾಲ್ಕಾರು ಅಂಗಡಿಗಳಿಗೆ ಮನೆಯಲ್ಲೇ ಕೂತು. ತೆರಿಗೆ ಇಳಿಸಿದರೆ ಜನ ಹೆಚ್ಚು ಕೊಳ್ಳುತ್ತಾರೆಯೇ ಅಂತ ಟಿ.ವಿ.ಯಲ್ಲಿ ಪಂಡಿತರು ವಾದ ಮಾಡುವಾಗ ನನಗೆ ಆ ಕಿರ್ದಿ ಪುಸ್ತಕಗಳ ನೆನಪು. ಪ್ರಶ್ನೆಗೆ ಉತ್ತರ ಅವುಗಳಲ್ಲಿ ಮೊದಲಿನಿಂದ ಇತ್ತು. ತಿಂಗಳ ಮೊತ್ತಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಬೇಕಿತ್ತು, ಅಷ್ಟೇ.

ದಾವಣಗೆರೆ ಊರು ಹುಟ್ಟಿದ್ದೇ ವ್ಯಾಪಾರದಿಂದ. ಹೈದರಾಲಿ ಈ ಊರನ್ನು ಅಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆದು ಕೂರಿಸಿದ. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕಂಬಳಿ ವ್ಯಾಪಾರದ ಬಗ್ಗೆ ವಿವರವಾಗಿ ಬರೆದುಕೊಂಡಿದ್ದಾನೆ. ಕಂಬಳಿಯ ಜಾಗಕ್ಕೆ ಹತ್ತಿ ಬಂತು, ಹತ್ತಿಯ ಹಿಂದೆ ಗಿರಣಿಗಳು ಬಂದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರೂ ಬಂತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೂ ಜವಳಿ ಅಂಗಡಿಗಳು ಉಳಿದವು. ಈಗಲೂ ಸುತ್ತಲಿನ ಐದಾರು ಜಿಲ್ಲೆಯವರು ಮದುವೆ ಜವಳಿ ತೆಗೆಯಲು ದಾವಣಗೆರೆಗೇ ಬರುತ್ತಾರೆ. ಬಂದವರು ಬೆಣ್ಣೆ ದೋಸೆ ತಿನ್ನದೆ ಹೋಗುವುದಿಲ್ಲ ಎಂಬುದು ಬೇರೆ ಮಾತು.

ತಂದೆ ಹೇಳುತ್ತಿದ್ದ ಪ್ರಕಾರ, ಆ ಮೂರು ತೆರಿಗೆಗಳ ಕಾಲದಲ್ಲೂ ರಾಣೆಬೆನ್ನೂರು ಕಡೆಯ ಗಿರಾಕಿ ಹೊಳೆ ದಾಟುವುದು ಬಿಡಲಿಲ್ಲ. ಸೇಲ್ ಟ್ಯಾಕ್ಸ್ ಅಂತ ನಾಲ್ಕು ಮಾತು ಚೌಕಾಶಿ ಹೆಚ್ಚಾಗುತ್ತಿತ್ತು. ಸಾವ್ಕಾರರು ಕೊನೆಗೆ, “ಆಯ್ತು ಗೌಡ್ರೇ, ಅದನ್ನ ನಾನೇ ಹಾಕ್ಕೋತೀನಿ” ಅಂತ ಹೇಳಿ, ಮೊದಲೇ ಏರಿಸಿಟ್ಟ ಬೆಲೆಯಿಂದ ಅಷ್ಟನ್ನು ಇಳಿಸುತ್ತಿದ್ದರು. ತೆರಿಗೆ ಕಡಿತದ ಮೊದಲ ಪಾಠ ನಮ್ಮ ಮನೆಯಲ್ಲಿ ಹೀಗೆ ಆಯಿತು: ಯಾರು ಕಡಿಮೆ ಮಾಡಿದರು, ಯಾರ ಜೇಬಿನಿಂದ ಮಾಡಿದರು ಎಂಬುದು ಬಿಲ್ಲಿನಲ್ಲಿ ಕಾಣುವುದಿಲ್ಲ.

1957ರ ಕೊನೆಗೆ ಜವಳಿಯ ಲೆಕ್ಕವೇ ಬದಲಾಯಿತು. ಬಟ್ಟೆ, ಸಕ್ಕರೆ, ತಂಬಾಕು, ಈ ಮೂರಕ್ಕೆ ರಾಜ್ಯಗಳು ಮಾರಾಟ ತೆರಿಗೆ ಬಿಟ್ಟುಕೊಟ್ಟವು; ಬದಲಿಗೆ ಕೇಂದ್ರ ಸರ್ಕಾರ ಗಿರಣಿಯಲ್ಲೇ ಹೆಚ್ಚುವರಿ ಅಬಕಾರಿ ಸುಂಕ ಹಿಡಿದು ರಾಜ್ಯಗಳಿಗೆ ಪಾಲು ಹಂಚುವ ಕಾಯ್ದೆ ಬಂತು. ಹೀಗಾಗಿ ಸುಮಾರು ಅರವತ್ತು ವರ್ಷ, ಅಂದರೆ 2017ರ ಜಿಎಸ್‌ಟಿ ತನಕ, ಚೌಕಿಪೇಟೆಯ ಸೀರೆ ಅಂಗಡಿಯ ಬಿಲ್ಲಿನಲ್ಲಿ ಮಾರಾಟ ತೆರಿಗೆಯ ಸಾಲೇ ಇರಲಿಲ್ಲ. ಊರ ಬಾಗಿಲಿನ ಆಕ್ಟ್ರಾಯ್ ನಾಕಾ ಒಂದಿತ್ತು, 1979ರಲ್ಲಿ ಅದೂ ಹೋಗಿ ಪ್ರವೇಶ ತೆರಿಗೆ ಬಂತು. ಆದರೆ ಗಿರಾಕಿಯ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಸರ್ಕಾರ ಇಳಿಸಲು ತೆರಿಗೆಯೇ ಇಲ್ಲದ ಈ ಬೀದಿಯಲ್ಲಿ ಬೆಲೆಯನ್ನು ಕೆಲವೇ ದಿನಕ್ಕೆ ಇಳಿಸುವ ವಿದ್ಯೆಯನ್ನು ಸಾವ್ಕಾರರೇ ಬೆಳೆಸಿಕೊಂಡರು. ಅದೇ ಆಷಾಢದ ಸೇಲು.

ಆಷಾಢ ಜವಳಿ ಅಂಗಡಿಗೆ ಸತ್ತ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸೊಸೆ ತವರಿಗೆ ಹೋಗಿರುತ್ತಾಳೆ. ಅದಕ್ಕಿಂತ ದೊಡ್ಡ ಕಾರಣ, ರೈತನ ದುಡ್ಡೆಲ್ಲ ಹೊಲದಲ್ಲಿ ಬಿದ್ದಿರುತ್ತದೆ. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರು. ಮಂಡಿಪೇಟೆಯ ದಲಾಲರ ಹತ್ತಿರ ಮುಂಗಡ ತಂದವನು ಸೀರೆ ಅಂಗಡಿ ಕಡೆ ತಿರುಗಿಯೂ ನೋಡುವುದಿಲ್ಲ. ಇತ್ತ ಮದುವೆ ಕಾಲಕ್ಕೆಂದು ತರಿಸಿ ಉಳಿದ ಥಾನುಗಳು ಅಟ್ಟದಲ್ಲಿ. ಅಹಮದಾಬಾದ್, ಸೂರತ್ ಪಾರ್ಟಿಗಳ ಬಾಕಿ, ಮೇಲೆ ಬಡ್ಡಿ. ದಸರಾ, ದೀಪಾವಳಿಗೆ ಹೊಸ ಮಾಲು ಬೇಕೆಂದರೆ ಹಳೇ ಬಾಕಿ ತೀರಿಸಬೇಕು. ಅದಕ್ಕೇ ಸಾವ್ಕಾರರು ಬಾಗಿಲ ಮುಂದೆ ಮೇಜು ಹಾಕಿಸಿ, ರವಿಕೆ ಕಣ, ಟವೆಲ್ಲು, ಬೆಡ್‌ಶೀಟು, ಅಂಚು ಮಸುಕಾದ ಸೀರೆ ಗುಡ್ಡೆ ಹಾಕಿ ರೇಟು ಇಳಿಸುತ್ತಿದ್ದರು. ಆ ದಿನಗಳಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ್ದ ನನಗೆ ಆ ಜನ ಜಂಗುಳಿ ನೋಡಿ ಹುರುಪು. ಶ್ರಾವಣ ಮುಗಿದ ಮೇಲೆ ಎರಡೂ ತಿಂಗಳ ಮೊತ್ತ ಒಟ್ಟು ಮಾಡಿ ಸಾವ್ಕಾರರ ಮುಂದೆ ಇಟ್ಟೆ. ಆಷಾಢ ಏರಿತ್ತು, ಶ್ರಾವಣ ಅಷ್ಟೇ ಇಳಿದಿತ್ತು. ವರಮಹಾಲಕ್ಷ್ಮಿಗೆ ಸೀರೆ ಕೊಳ್ಳಬೇಕಾದವರು ಹದಿನೈದು ದಿನ ಮೊದಲೇ ಬಂದು ಕಡಿಮೆ ಬೆಲೆಗೆ ಒಯ್ದು ಇಟ್ಟುಕೊಂಡಿದ್ದರು. “ಹಂಗಾದ್ರೆ ನಮಗೆ ಲುಕ್ಸಾನು ಅಲ್ವೇ ಸಾವ್ಕಾರ್ರೇ?” ಅಂದೆ. ಅವರು ಪುಸ್ತಕ ಮುಚ್ಚಿ, “ಏ ತಮ್ಮಾ, ಸೇಲು ಹಾಕಿದ್ದು ಜಾಸ್ತಿ ಮಾರೋಕಲ್ಲ. ಆಷಾಢದಾಗ ಗಲ್ಲಾದಾಗ ರೊಕ್ಕ ಕಾಣೋಕೆ” ಅಂದರು.

ಆಮೇಲೆ ನಾನು ಓದಿದ ಯಾವ ಬಜೆಟ್ ವಿಶ್ಲೇಷಣೆಯೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಜವಳಿಗೆ ಇಲ್ಲದ ಮಾರಾಟ ತೆರಿಗೆ ಉಳಿದ ಸಾಮಾನಿಗೆಲ್ಲ ಇತ್ತು. ಮಿಕ್ಸಿ, ಫ್ಯಾನು, ಬಣ್ಣ, ಸಿಮೆಂಟು, ಕಬ್ಬಿಣ. ಅಲ್ಲಿ ಇನ್ನೊಂದು ಬಗೆಯ ರಿಯಾಯಿತಿ ವರ್ಷಪೂರ್ತಿ ನಡೆಯುತ್ತಿತ್ತು. ಗಿರಾಕಿ ಬೆಲೆ ಕೇಳುತ್ತಾನೆ. ಅಂಗಡಿಯವ ಎರಡು ಬೆಲೆ ಹೇಳುತ್ತಾನೆ. “ಬಿಲ್ ಬೇಕೇನ್ರೀ?” ಬೇಡ ಅಂದರೆ ಬಿಳಿ ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದ ಒಂದು ಅಂಕಿ. ಬೇಕು ಅಂದರೆ ಮುಖ ಸ್ವಲ್ಪ ಗಂಟಾಗಿ, ಒಳಗಿನಿಂದ ಬಿಲ್ ಬುಕ್ ಬರುತ್ತಿತ್ತು. ಸರ್ಕಾರ ಶೇಕಡಾ ಎರಡು ಇಳಿಸಲಿ, ನಾಲ್ಕು ಇಳಿಸಲಿ, ಬಿಲ್ ಇಲ್ಲದೆ ಒಯ್ಯುವವನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಅವನು ಆಗಲೇ ಪೂರ್ತಿ ತೆರಿಗೆ ಇಳಿಸಿಕೊಂಡು ಹೋಗಿದ್ದಾನೆ. ತೆರಿಗೆ ಕಡಿತದ ಪರಿಣಾಮವನ್ನು ಅಳೆಯುವವರು ಈ ಬಿಳಿ ಚೀಟಿಗಳನ್ನು ಎಲ್ಲಿ ಸೇರಿಸುತ್ತಾರೋ ಕಾಣೆ. ನಾನು ಅವನ್ನು ಸರಿ ಎನ್ನುತ್ತಿಲ್ಲ. ಆದರೆ ಇದ್ದವು, ರಾಶಿ ರಾಶಿ ಇದ್ದವು.

ಹರಿಹರದ ಕಥೆ ಸ್ವಲ್ಪ ಬೇರೆ. ಅದು ಸಂಬಳದ ಊರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, ಲೇತ್ ಯಂತ್ರ ಮಾಡುವ ಕಾರ್ಖಾನೆ. 70ರ ದಶಕದಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಅಲ್ಲಿನ ಅಂಗಡಿಗಳ ಲೆಕ್ಕದಲ್ಲಿ ತಿಂಗಳ ಮೊದಲ ವಾರ ಒಂದು ಗುಡ್ಡ, ಕೊನೇ ವಾರ ಒಂದು ಹಳ್ಳ. ದೀಪಾವಳಿ ಮುಂಚೆ ಬೋನಸ್. 1965ರ ಬೋನಸ್ ಕಾಯ್ದೆ ಪ್ರಕಾರ ಕಡಿಮೆಯೆಂದರೆ ಶೇ. 8.33, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಆ ವಾರ ಹರಿಹರದಲ್ಲಿ ಸೈಕಲ್ಲು, ಗ್ರೈಂಡರು, ಟಿ.ವಿ. ಯಾವುದಕ್ಕೂ ಯಾರೂ ರಿಯಾಯಿತಿ ಕೇಳುತ್ತಿರಲಿಲ್ಲ, ಕೊಡುವವರೂ ಇರಲಿಲ್ಲ. ಈ ಶತಮಾನದ ಶುರುವಿಗೆ ಕಿರ್ಲೋಸ್ಕರ್ ಬಾಗಿಲು ಹಾಕಿತು. ಆಮೇಲೆ ಅದೇ ಅಂಗಡಿಗಳು ಎಷ್ಟೇ ದೊಡ್ಡ ರಿಯಾಯಿತಿ ಬೋರ್ಡು ತೂಗುಹಾಕಿದರೂ ಹಳೇ ಗಿರಾಕಿ ಬರಲಿಲ್ಲ. ಬರಲು ಅವನ ಕೈಯಲ್ಲಿ ಸಂಬಳವೇ ಇರಲಿಲ್ಲ.

ಸರ್ಕಾರವೇ ಇಂತಿಷ್ಟು ದಿನಕ್ಕೆ ಎಂದು ತೆರಿಗೆ ಇಳಿಸಿದ್ದನ್ನು ನಾನು ಹತ್ತಿರದಿಂದ ನೋಡಿದ್ದು ಬೈಕ್ ಶೋರೂಮಿನಲ್ಲಿ. 2008ರ ಡಿಸೆಂಬರ್ 7ರಂದು, ಅಮೆರಿಕದ ಬ್ಯಾಂಕುಗಳು ಮುಳುಗಿ ಇಲ್ಲಿ ಮಾರಾಟ ಬಿದ್ದಿದ್ದಾಗ, ಕೇಂದ್ರ ಅಬಕಾರಿ ಸುಂಕವನ್ನು ಶೇಕಡಾ ನಾಲ್ಕು ಅಂಶ ಇಳಿಸಿದರು. ಅದೇ ಡಿಸೆಂಬರ್ ಮೊದಲ ದಿನದಿಂದ ಬ್ರಿಟನ್ನಿನವರೂ ತಮ್ಮ ವ್ಯಾಟ್ ಅನ್ನು ಶೇ. 17.5ರಿಂದ 15ಕ್ಕೆ ಇಳಿಸಿದ್ದರು, ಹದಿಮೂರು ತಿಂಗಳಿಗೆ. ನಮ್ಮಲ್ಲಿ ಬೈಕಿನ ಸುಂಕ 12ರಿಂದ 8 ಆಯಿತು. 2010ರಲ್ಲಿ 10, 2012ರಲ್ಲಿ ಮತ್ತೆ 12. ಬೆಲೆ ಪಟ್ಟಿ ಬದಲಿಸಿ ಬದಲಿಸಿ ನಮಗೆ ಸಾಕಾಯಿತು.

2014ರದ್ದು ಇನ್ನೂ ಸ್ವಾರಸ್ಯ. ಫೆಬ್ರವರಿ 17ರ ಮಧ್ಯಂತರ ಬಜೆಟ್ಟಿನಲ್ಲಿ ಚಿದಂಬರಂ ಅವರು ಬೈಕು, ಸಣ್ಣ ಕಾರುಗಳ ಸುಂಕವನ್ನು ಶೇ. 12ರಿಂದ 8ಕ್ಕೆ ಇಳಿಸಿದರು, ಜೂನ್ 30ರವರೆಗೆ ಮಾತ್ರ. ಚುನಾವಣೆ ಆಯಿತು, ಸರ್ಕಾರ ಬದಲಾಯಿತು, ಜೇಟ್ಲಿಯವರು ಅದನ್ನು ಡಿಸೆಂಬರ್ 31ಕ್ಕೆ ಮುಂದೂಡಿದರು. ಲೆಕ್ಕ ನೋಡಿ: ಕಾರ್ಖಾನೆಯಲ್ಲಿ 40,000 ರೂಪಾಯಿ ಬೆಲೆಯ ಬೈಕಿಗೆ ಸುಂಕದಲ್ಲಿ 1,600 ಇಳಿತ, ಅದರ ಮೇಲಿನ ರಾಜ್ಯದ ವ್ಯಾಟ್ ಸೇರಿ ಹತ್ತಿರ ಹತ್ತಿರ 1,830. ಕಡಿಮೆ ಮೊತ್ತವಲ್ಲ. ಆದರೆ ಫೆಬ್ರವರಿಯಲ್ಲಿ ಘೋಷಣೆಯಾದ ದಿನ ಶೋರೂಮಿನಲ್ಲಿ ನಿಂತಿದ್ದ ಗಾಡಿಗಳೆಲ್ಲ ಹಳೇ ಸುಂಕ ಕಟ್ಟಿ ಬಂದವು. ಬೆಳಿಗ್ಗೆ ಪೇಪರ್ ಓದಿ ಬಂದವರು, “ಇಳಿಸಿದ್ದಾರಂತಲ್ಲ, ಇಳಿಸಿ” ಎಂದರು. ಹಳೇ ಸ್ಟಾಕಿನ ವ್ಯತ್ಯಾಸ ಯಾರು ಹೊರಬೇಕು ಎಂದು ಫೋನು ಮೇಲೆ ಫೋನು. ಅದು ತೀರ್ಮಾನವಾಗುವಷ್ಟರಲ್ಲಿ ವಾರ ಕಳೆಯಿತು, ಆ ವಾರವೆಲ್ಲ ಮಾರಾಟ ನಿಂತಿತ್ತು. ಮಾರಾಟ ಹೆಚ್ಚಿಸಲೆಂದು ಮಾಡಿದ ಕಡಿತದ ಮೊದಲ ಫಲ ಅದು.

ಗಡುವಿನ ಕಡೇ ದಿನಗಳಲ್ಲಿ ಇನ್ನೊಂದು ತೊಡಕು. ದೆಹಲಿಯವರ ಡಿಸೆಂಬರ್ 31 ನಮ್ಮ ಧನುರ್ಮಾಸದ ನಟ್ಟನಡುವೆ ಬರುತ್ತದೆ. ಶೂನ್ಯಮಾಸದಲ್ಲಿ ಹೊಸ ಗಾಡಿ ಮನೆಗೆ ತರುವುದುಂಟೆ? ಆನಗೋಡಿನ ಕಡೆಯ ಒಬ್ಬ ಹಿರಿಯರು ಮಗನನ್ನು ಕರೆದುಕೊಂಡು ಬಂದಿದ್ದರು. ಮಗನಿಗೆ ಇವತ್ತೇ ಬೇಕು, ಜನವರಿಗೆ ಬೆಲೆ ಏರುತ್ತದೆ. ಅಪ್ಪ, “ಶೂನ್ಯಮಾಸದಾಗ ಬ್ಯಾಡಪ್ಪ” ಎಂದು ಹಟ ಹಿಡಿದರು. ಮ್ಯಾನೇಜರ್ ಮಧ್ಯೆ ಬಂದು ದಾರಿ ತೋರಿಸಿದ: “ಯಜಮಾನ್ರೇ, ಬಿಲ್ ಇವತ್ತು ಹಾಕಿಸ್ರಿ, ಗಾಡಿ ಇಲ್ಲೇ ಇರ್ಲಿ. ಸಂಕ್ರಾಂತಿ ದಿನ ಬಂದು ಪೂಜೆ ಮಾಡಿಸ್ಕೊಂಡು ಹೋಗ್ರಿ.” ಹಾಗೇ ಆಯಿತು. ಆ ಸಲ ಗೋಡೌನಿನಲ್ಲಿ ಹೆಸರು ಬರೆದ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತ ಬೈಕುಗಳು ಹಲವು. ಬಿಲ್ಲು ಸರ್ಕಾರದ ಪಂಚಾಂಗದ್ದು, ಪೂಜೆ ಅಪ್ಪನ ಪಂಚಾಂಗದ್ದು. ಅವು ಹೊರಟ ಮೇಲೆ ಯುಗಾದಿಯವರೆಗೆ ಶೋರೂಮ್ ಭಣಗುಟ್ಟಿತು. ಸಂಕ್ರಾಂತಿ, ಯುಗಾದಿಗೆ ಕೊಳ್ಳಬೇಕಾದವರೆಲ್ಲ ಡಿಸೆಂಬರ್ ತಿಂಗಳಲ್ಲೇ ಕೊಂಡಾಗಿತ್ತು. ಅದೇ ಆಷಾಢ, ಅದೇ ಶ್ರಾವಣ.

ಹಾಗೆಂದು ಮಾರಾಟದ ದಿನ ಹಿಂದೆಮುಂದೆ ಆಗುವುದು ಪ್ರಯೋಜನವಿಲ್ಲದ ಕೆಲಸ ಎನ್ನಲಾರೆ. 2008ರಂಥ ಹೊತ್ತಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಗಾಡಿ ಕೊಳೆಯುತ್ತಿದ್ದರೆ, ಏಪ್ರಿಲ್‌ನಲ್ಲಿ ಬರುವ ದುಡ್ಡು ಡಿಸೆಂಬರಿಗೇ ಬಂದರೆ ನಾಲ್ಕು ಜನರ ಕೆಲಸ ಉಳಿಯುತ್ತದೆ. ನಮ್ಮ ಸಾವ್ಕಾರರು ಸೂರತ್ ಪಾರ್ಟಿಗೆ ಬಾಕಿ ಕಟ್ಟಿದ ಹಾಗೆ. ಜರ್ಮನಿಯವರು 2020ರ ಜುಲೈಯಿಂದ ಡಿಸೆಂಬರ್ ತನಕ ವ್ಯಾಟ್ ಅನ್ನು ಶೇ. 19ರಿಂದ 16ಕ್ಕೆ ಇಳಿಸಿದ್ದೂ ಕೊರೊನಾದ ಸತ್ತ ತಿಂಗಳುಗಳನ್ನು ದಾಟಲಿಕ್ಕೆ. ತಕರಾರು ಇರುವುದು, ಹೀಗೆ ಹಿಂದಕ್ಕೆ ಎಳೆದುಕೊಂಡ ಮಾರಾಟವನ್ನು ಹೊಸ ಮಾರಾಟ ಎಂದು ಭಾಷಣದಲ್ಲಿ ಎಣಿಸುವುದಕ್ಕೆ.

ಹೀಗೆ ಎಳೆದುಕೊಳ್ಳಲು ಆಗದ ಸಾಮಾನುಗಳೂ ಇವೆ. 2018ರ ಸೆಪ್ಟೆಂಬರಿನಲ್ಲಿ ಕುಮಾರಸ್ವಾಮಿಯವರ ಸರ್ಕಾರ ಪೆಟ್ರೋಲು, ಡೀಸೆಲ್ ಮೇಲಿನ ಮಾರಾಟ ತೆರಿಗೆ ಇಳಿಸಿ ಲೀಟರಿಗೆ 2 ರೂಪಾಯಿ ಕಡಿಮೆ ಮಾಡಿತು. ನಾಲ್ಕು ತಿಂಗಳಲ್ಲಿ, 2019ರ ಜನವರಿಯಲ್ಲಿ, ಪೆಟ್ರೋಲಿಗೆ ಶೇ. 28.75 ಇದ್ದದ್ದನ್ನು 32ಕ್ಕೆ ತಂದು ಮೊದಲಿನ ಜಾಗಕ್ಕೇ ಮುಟ್ಟಿಸಿತು. ಯಾರಿಗೂ ಗೊತ್ತಾಗಲಿಲ್ಲ. ಟ್ಯಾಂಕಿನಲ್ಲಿ ಹಿಡಿಸುವಷ್ಟೇ ಪೆಟ್ರೋಲು, ಅಗ್ಗವೆಂದು ಕೊಡದಲ್ಲಿ ತುಂಬಿಡಲಾಗದು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಆ ವರ್ಷದ ಆಷಾಢ ಶುರುವಾಗಿ ವಾರವೂ ಆಗಿರಲಿಲ್ಲ. ಜೂನ್ ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಯವರೆಲ್ಲ ಜಿಎಸ್‌ಟಿ ಸೇಲ್ ಎಂದು ಬೋರ್ಡು ಹಾಕಿದರು. ಅದು ತೆರಿಗೆ ಇಳಿದದ್ದಲ್ಲ, ಹೆದರಿಕೆ. ಹಳೇ ಸ್ಟಾಕಿಗೆ ಕಟ್ಟಿದ ಅಬಕಾರಿ ಸುಂಕಕ್ಕೆ ರಸೀದಿ ಇಲ್ಲದಿದ್ದರೆ ಪೂರ್ತಿ ವಾಪಸು ಸಿಗುವುದಿಲ್ಲ ಎಂಬ ನಿಯಮ. ಹಾಗಾಗಿ ನಷ್ಟಕ್ಕಾದರೂ ಸರಿ, ಮಾರಿ ಕೈತೊಳೆದುಕೊಂಡರು. ಜವಳಿಗೆ ಅರವತ್ತು ವರ್ಷದ ನಂತರ ಮೊದಲ ಸಲ ಶೇ. 5 ಬಿಲ್ಲಿನಲ್ಲಿ ಕಾಣಿಸಿತು. ಅಂಗಡಿಯಲ್ಲಿ ಹೆಂಗಸೊಬ್ಬರು ನನ್ನನ್ನೇ ಕೇಳಿದರು: “ಅಣ್ಣಾ, ಒಂದು ಕಡೆ ಆಷಾಢದ ಡಿಸ್ಕೌಂಟ್ ಅಂತೀರಿ, ಇನ್ನೊಂದು ಕಡೆ ಟ್ಯಾಕ್ಸ್ ಹಾಕ್ತೀರಿ, ಒಟ್ಟು ಎಷ್ಟು ಕೊಡ್ಲಿ ಹೇಳ್ರಿ.” ಗಿರಾಕಿಗೆ ಬೇಕಾದದ್ದು ಆ ಒಟ್ಟು ಒಂದೇ.

ಇನ್ನು 2025. ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಿಂದ ಜಿಎಸ್‌ಟಿ ಇಳಿಸುತ್ತೇವೆ ಎಂದರು, ಸೆಪ್ಟೆಂಬರ್ 3ರಂದು ಕೌನ್ಸಿಲ್ ತೀರ್ಮಾನಿಸಿತು, ಜಾರಿಗೆ ಬಂದದ್ದು 22ಕ್ಕೆ. ಇದು ತಾತ್ಕಾಲಿಕ ಕಡಿತವಲ್ಲ. ಆದರೆ ಮೊದಲೇ ಹೇಳಿ ತಡವಾಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. ಆಗಸ್ಟ್ 15ರಿಂದ ಪಿ.ಬಿ. ರಸ್ತೆಯ ಶೋರೂಮುಗಳಿಗೆ ಜನ ಬರುತ್ತಿದ್ದರು, ನೋಡುತ್ತಿದ್ದರು, ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಪೇಪರಿನವರು ಮಾರಾಟ ಕುಸಿಯಿತು ಎಂದು ಬರೆದರು. ನಮ್ಮ ಕಡೆ ಕುಸಿತ ಅಷ್ಟೇನೂ ನೋಯಿಸಲಿಲ್ಲ, ಯಾಕೆಂದರೆ ಸೆಪ್ಟೆಂಬರ್ 21ಕ್ಕೆ ಮಹಾಲಯ ಅಮಾವಾಸ್ಯೆ. ಅದರ ಹಿಂದಿನ ಹದಿನೈದು ದಿನ ಪಿತೃಪಕ್ಷ. ತೆರಿಗೆ ಇಳಿಯಲಿ ಬಿಡಲಿ, ಆಗ ಯಾರೂ ಗಾಡಿ ಕೊಳ್ಳುತ್ತಿರಲಿಲ್ಲ. 22ಕ್ಕೆ ನವರಾತ್ರಿ ಶುರು. ಈ ಸಲ ದೆಹಲಿಯಲ್ಲಿ ಯಾರೋ ಪಂಚಾಂಗ ನೋಡಿಯೇ ದಿನ ಇಟ್ಟಿದ್ದರು.

ತೆರಿಗೆ ಶೇ. 28 ಹೋಗಿ 18 ಆದದ್ದರಿಂದ 80,000 ರೂಪಾಯಿಯ ಬೈಕಿಗೆ 6,250 ಇಳಿಯಿತು. ನವರಾತ್ರಿಯ ಮಾರಾಟ ಜೋರು. ಚಿಕ್ಕ ಸಾಮಾನಿನ ಕಥೆ ಬೇರೆ: 5 ರೂಪಾಯಿಯ ಬಿಸ್ಕತ್ತು ಪೊಟ್ಟಣಕ್ಕೆ 18ರಿಂದ 5ಕ್ಕೆ ಲೆಕ್ಕ ಹಾಕಿದರೆ 4 ರೂಪಾಯಿ 45 ಪೈಸೆ. ಐದರ ನಾಣ್ಯ ಕೊಟ್ಟವನಿಗೆ 55 ಪೈಸೆ ಎಲ್ಲಿಂದ ತರುವುದು? ಬೆಣ್ಣೆಗೂ 12ರಿಂದ 5ಕ್ಕೆ ಇಳಿಯಿತು, ದೋಸೆಯ ಬೆಲೆ ಯಾಕೆ ಇಳಿಯಲಿಲ್ಲ ಎಂದು ಮೊಮ್ಮಗ ಕೇಳಿದ. ಕೆ.ಜಿ.ಗೆ 500 ರೂಪಾಯಿ ಇದ್ದರೆ 31 ರೂಪಾಯಿ ಉಳಿತಾಯ, ಒಂದು ಕೆ.ಜಿ.ಯಲ್ಲಿ ನಲವತ್ತು ದೋಸೆ ಅಂದುಕೊಂಡರೂ ದೋಸೆಗೆ ಒಂದು ರೂಪಾಯಿಯೂ ಬರುವುದಿಲ್ಲ ಅಂದೆ. ಅದೂ ಬಿಲ್ ಇಟ್ಟು ತಂದ ಬೆಣ್ಣೆಗೆ. ಹಳ್ಳಿಯಿಂದ ಬಕೆಟ್ಟಿನಲ್ಲಿ ಬರುವ ಬೆಣ್ಣೆಗೆ ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ.

ನವರಾತ್ರಿಗೆ ಗಾಡಿ ತಂದವರಲ್ಲಿ ಹೆಚ್ಚಿನವರು ಸಂಬಳದವರು, ಇಲ್ಲವೇ ಸಾಲದವರು. ರೈತರು ದೀಪಾವಳಿ ಆಗಲಿ, ಜೋಳ ಮಾರಿ ಬರುತ್ತೇವೆ ಎಂದು ಹೋದರು. ಜೋಳ ಅಂದರೆ ಇಲ್ಲಿ ಮೆಕ್ಕೆಜೋಳ. ಭದ್ರಾ ನಾಲೆಯ ನೀರು ಹತ್ತದ ಹೊಲಗಳಲ್ಲೆಲ್ಲ ಅದೇ. ಸರ್ಕಾರ ಆ ವರ್ಷ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ನವೆಂಬರಿನಲ್ಲಿ ಮಾರುಕಟ್ಟೆಯಲ್ಲಿ ಸಿಕ್ಕಿದ್ದು 1,600ರಿಂದ 1,800. ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು, ರೈತರು ರಸ್ತೆಗಿಳಿದರು. ಮೂವತ್ತು ಕ್ವಿಂಟಲ್ ಬೆಳೆದವನಿಗೆ ಕ್ವಿಂಟಲಿಗೆ 600 ಕಡಿಮೆಯಾದರೆ 18,000 ರೂಪಾಯಿ ಹೋಯಿತು. ಬೈಕಿನ ತೆರಿಗೆಯಲ್ಲಿ ಉಳಿಯುತ್ತಿದ್ದದ್ದು 6,250. ಶೋರೂಮಿನ ಹುಡುಗ ಅಂಥ ಒಬ್ಬರಿಗೆ ಫೋನ್ ಮಾಡಿ, “ಅಣ್ಣಾ, ಟ್ಯಾಕ್ಸ್ ಇಳಿದೈತಿ, ಯಾವಾಗ ಬರ್ತೀರಿ?” ಎಂದು ಕೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಆ ಕಡೆಯಿಂದ, “ರೇಟು ಏರ್ಲಿ ತಮ್ಮಾ, ಬರ್ತೀನಿ” ಎಂಬ ಉತ್ತರ ಬಂತು. ಹುಡುಗ ಬೈಕಿನ ರೇಟು ಅಂದುಕೊಂಡು, ಇನ್ನು ಏರುವುದಿಲ್ಲ ಎಂದು ವಿವರಿಸಲು ಹೊರಟಿದ್ದ.